ಓಡುವಾಗ ಮರುಕಳಿಸುವ ಮೀನಖಂಡದ ನೋವು: ಪದೇ ಪದೇ ಕೇಳುವ ಪ್ರಶ್ನೆಗಳು

ಸರಳ ಪ್ರಶ್ನೆಗಳು ಮೊದಲು, ಬಿಡಿಸಲು ಕಷ್ಟವಾದವು ಕೊನೆಗೆ. ಬೇಕಾದಲ್ಲಿಂದ ಓದಿಕೊಳ್ಳಿ. ಆದರೆ ಕಾಲು ಊದಿದ್ದರೆ, ಮುಟ್ಟಿದರೆ ಬಿಸಿ ಎನಿಸಿದರೆ, ಅಥವಾ ಹಿಮ್ಮಡಿಯ ಹತ್ತಿರ 'ಟಪ್' ಎಂದ ಸದ್ದು ಕೇಳಿದ್ದರೆ, ಡಾಕ್ಟರ ಬಳಿ ಯಾವಾಗ ಹೋಗಬೇಕು ಎಂಬ ಪ್ರಶ್ನೆಯನ್ನು ಮೊದಲು ಓದಿ.

## ಮೊದಲು ತಿಳಿದಿರಬೇಕಾದದ್ದು

ಮೀನಖಂಡ ಅಂದ್ರೆ ಒಂದೇ ಸ್ನಾಯು ತಾನೇ? ನೋವು ಎಲ್ಲಿದ್ರೆ ಏನು ವ್ಯತ್ಯಾಸ?

ಮುಖ್ಯವಾಗಿ ಎರಡು ಸ್ನಾಯುಗಳಿವೆ. ಹೊರಗೆ ಉಬ್ಬಿ ಕಾಣುವುದು ಗ್ಯಾಸ್ಟ್ರಾಕ್ನೀಮಿಯಸ್. ಅದಕ್ಕೆ ಎರಡು ತಲೆ. ತೊಡೆಮೂಳೆಯ ಕೆಳತುದಿಯಲ್ಲಿ ಹುಟ್ಟಿ ಮಂಡಿಯನ್ನು ದಾಟಿ ಇಳಿಯುತ್ತದೆ. ಅದರ ಅಡಿಯಲ್ಲಿ ಅಗಲವಾಗಿ, ಚಪ್ಪಟೆಯಾಗಿ ಮಲಗಿರುವುದು ಸೋಲಿಯಸ್. ಇದು ಮಂಡಿಯ ಕೆಳಗೇ ಹುಟ್ಟುತ್ತದೆ. ಎರಡೂ ಅಕಿಲಿಸ್ ಸ್ನಾಯುರಜ್ಜುವಿನ ಮೂಲಕ ಹಿಮ್ಮಡಿಯ ಮೂಳೆಗೆ ಸೇರುತ್ತವೆ. ಕಣ್ಣಿಗೆ ಕಾಣದ ಸೋಲಿಯಸ್ಸೇ ಓಟದ ನಿಜವಾದ ದುಡಿಮೆಗಾರ: ಪ್ರತಿ ಹೆಜ್ಜೆಗೂ ಅದು ದೇಹತೂಕದ ಆರೇಳು ಪಟ್ಟು ಬಲ ಹುಟ್ಟಿಸಬೇಕಾಗುತ್ತದೆ.

ಯಾವುದು ಪೆಟ್ಟು ತಿಂದಿದೆ ಎಂದು ತಿಳಿಯಲು ಗೋಡೆಗೆ ಕೈಯಾನಿಸಿ ಒಂಟಿಕಾಲಲ್ಲಿ ನಿಲ್ಲಿ. ಮಂಡಿ ನೆಟ್ಟಗಿಟ್ಟು ಹಿಮ್ಮಡಿ ಎತ್ತಿ, ಆಮೇಲೆ ಮಂಡಿ ಬಗ್ಗಿಸಿ ಎತ್ತಿ. ನೆಟ್ಟಗಿದ್ದಾಗ ಮಾತ್ರ, ಅದೂ ಉಬ್ಬಿನ ಒಳಬದಿಯಲ್ಲಿ ನೋವಾದರೆ ಗ್ಯಾಸ್ಟ್ರಾಕ್ನೀಮಿಯಸ್ ಮೇಲೆ ಅನುಮಾನ. ಬಗ್ಗಿಸಿದಾಗಲೂ ಆಳದಲ್ಲಿ, ಉಬ್ಬಿಗಿಂತ ಕೆಳಗೆ ನೋವಾದರೆ ಸೋಲಿಯಸ್ ಮೇಲೆ. ಇದರಿಂದ ಖಚಿತವಾಗಿ ಹೇಳಲಾಗದು, ಆದರೆ ಯಾವ ವ್ಯಾಯಾಮಕ್ಕೆ ಒತ್ತು ಕೊಡಬೇಕೆಂಬ ಸುಳಿವು ಸಿಗುತ್ತದೆ.

ಒಂದ್ಸಲ ಯಾರೋ ಹಿಂದಿನಿಂದ ಕಲ್ಲು ಹೊಡೆದ ಹಾಗಾಯ್ತು. ಇನ್ನೊಂದ್ಸಲ ಸುಮ್ಮನೆ ಬಿಗಿದುಕೊಂಡಿತು. ಎರಡೂ ಒಂದೇನಾ?

ಕಲ್ಲು ಬಿದ್ದಂತೆ ಅನಿಸುವುದು ಸಾಮಾನ್ಯವಾಗಿ ಗ್ಯಾಸ್ಟ್ರಾಕ್ನೀಮಿಯಸ್‌ನ ಒಳತಲೆ ಹರಿದಾಗ. ವೇಗ ಹೆಚ್ಚಿಸಿದ ಕ್ಷಣದಲ್ಲೋ, ಏರು ಹತ್ತುವಾಗಲೋ ಆಗುತ್ತದೆ; ಮುಂದಿನ ಹೆಜ್ಜೆಯನ್ನೇ ಇಡಲಾಗದು. ಸೋಲಿಯಸ್ ಹಾಗೆ ಸದ್ದು ಮಾಡುವುದಿಲ್ಲ. ಅದು ಓಟದ ಮಧ್ಯೆ ಮೆಲ್ಲಗೆ ಬಿಗಿಯಾಗುತ್ತದೆ, ಆಳದಲ್ಲಿ ಗಂಟು ಕಟ್ಟಿದಂತಿರುತ್ತದೆ. ಇನ್ನೊಂದೆರಡು ಕಿಲೋಮೀಟರ್ ಎಳೆಯಬಹುದು ಎನಿಸುತ್ತದೆ, ಆ ಎರಡು ಕಿಲೋಮೀಟರೇ ಸಣ್ಣ ಗಾಯವನ್ನು ದೊಡ್ಡದು ಮಾಡುತ್ತದೆ. ಮರುಕಳಿಸುವ ನೋವಿನ ದೂರುಗಳಲ್ಲಿ ಹೆಚ್ಚಿನವು ಈ ಎರಡನೇ ಬಗೆಯವು.

ಬರೀ ನರ ಹಿಡಿದಿದ್ದೋ, ಸ್ನಾಯು ಹರಿದಿದ್ದೋ ಹೇಗೆ ಗೊತ್ತಾಗುತ್ತೆ?

ನರ ಹಿಡಿದಿದೆ ಎಂದು ನಾವು ಹೇಳುವ ಸೆಳೆತದಲ್ಲಿ ಸ್ನಾಯು ಕಲ್ಲಿನಂತೆ ಗಟ್ಟಿಯಾಗಿ ಕಣ್ಣಿಗೇ ಕಾಣುತ್ತದೆ. ಪಾದವನ್ನು ಮಂಡಿಯ ಕಡೆಗೆ ಮಡಚಿ ಎಳೆದರೆ ಕೆಲವು ನಿಮಿಷಗಳಲ್ಲಿ ಬಿಡುತ್ತದೆ, ಮರುದಿನ ಸ್ವಲ್ಪ ಮೈಕೈ ನೋವಿನಂತೆ ಉಳಿದರೂ ಒಂದೇ ಜಾಗದಲ್ಲಿ ಬೆರಳಿಟ್ಟು ತೋರಿಸುವಂತಿರುವುದಿಲ್ಲ. ಹರಿದಿದ್ದರೆ ಹಾಗೆ ಎಳೆದಾಗ ನೋವು ಏರುತ್ತದೆ, ಒತ್ತಿದರೆ ನಿರ್ದಿಷ್ಟ ಜಾಗ ಚುಚ್ಚುತ್ತದೆ, ಮರುದಿನ ಬೆಳಗ್ಗೆ ಹಾಸಿಗೆಯಿಂದ ಎದ್ದ ಮೊದಲ ಹೆಜ್ಜೆಗೇ ಕುಂಟುತ್ತೀರಿ. ಎರಡು ಮೂರು ದಿನಕ್ಕೆ ಹರಡಿನ (ಪಾದದ ಕೀಲಿನ) ಸುತ್ತ ನೀಲಿಗಟ್ಟಿದರೆ ಅನುಮಾನವೇ ಬೇಡ. ಮೇಲಿನಿಂದ ರಕ್ತ ಇಳಿದು ಅಲ್ಲಿ ನಿಂತಿರುತ್ತದೆ.

ಯಾವಾಗ ತಕ್ಷಣ ಡಾಕ್ಟರ ಹತ್ತಿರ ಹೋಗಲೇಬೇಕು?

ಒಂದು ಕಾಲಿನ ಮೀನಖಂಡ ಮಾತ್ರ ಊದಿ, ಬಿಸಿಯಾಗಿ, ಕೆಂಪಾಗಿ, ಕೂತಿದ್ದಾಗಲೂ ನೋಯುತ್ತಿದ್ದರೆ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ದೀರ್ಘ ಪ್ರಯಾಣ, ಶಸ್ತ್ರಚಿಕಿತ್ಸೆ, ಹೆರಿಗೆ, ಕಾಲನ್ನು ಬಹುದಿನ ಅಲ್ಲಾಡಿಸದೆ ಇಟ್ಟದ್ದು, ಗರ್ಭನಿರೋಧಕ ಮಾತ್ರೆ: ಇವು ಆ ಅಪಾಯವನ್ನು ಹೆಚ್ಚಿಸುತ್ತವೆ. ಮಂಡಿಚಿಪ್ಪಿನ ಕೆಳಗಿನ ಮೂಳೆಯ ಉಬ್ಬಿನಿಂದ 10 ಸೆಂ.ಮೀ. ಕೆಳಗೆ ಟೇಪಿನಿಂದ ಎರಡೂ ಕಾಲಿನ ಸುತ್ತಳತೆ ನೋಡಿ. 3 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಅದೇ ದಿನ ತೋರಿಸಿ. ಅಳತೆಯಲ್ಲಿ ವ್ಯತ್ಯಾಸ ಕಾಣದಿದ್ದರೂ ಉಳಿದ ಲಕ್ಷಣಗಳಿದ್ದರೆ ಕಾಯಬೇಡಿ. ಜೊತೆಗೆ ಎದೆನೋವು, ಉಸಿರುಕಟ್ಟುವುದು ಇದ್ದರೆ ತುರ್ತುಚಿಕಿತ್ಸೆಗೇ ಹೋಗಬೇಕು. ಇಂಥ ಕಾಲನ್ನು ಉಜ್ಜಬೇಡಿ, ನೀವಬೇಡಿ.

ಹಿಮ್ಮಡಿಯ ಮೇಲ್ಭಾಗದಲ್ಲಿ 'ಟಪ್' ಎಂದು ಆಮೇಲೆ ಒಂಟಿಕಾಲಲ್ಲಿ ತುದಿಗಾಲಿಗೆ ಏಳಲಾಗದಿದ್ದರೆ ಅಕಿಲಿಸ್ ತುಂಡಾಗಿರುವ ಸಾಧ್ಯತೆ ಇದೆ. ಬೋರಲು ಮಲಗಿ, ಪಾದವನ್ನು ಮಂಚದಂಚಿನಿಂದ ಆಚೆ ಬಿಟ್ಟು ಬೇರೊಬ್ಬರಿಂದ ಮೀನಖಂಡ ಹಿಂಡಿಸಿಕೊಳ್ಳಿ. ಸರಿಯಿರುವ ಕಾಲಿನ ಪಾದ ಅಲ್ಲಾಡುತ್ತದೆ, ತುಂಡಾದ ಕಾಲಿನದು ಅಲ್ಲಾಡದು. ಇದು ವಾರಗಟ್ಟಲೆ ಕಾಯುವ ಗಾಯವಲ್ಲ.

ಎರಡು ವಾರ ರೆಸ್ಟ್ ಮಾಡ್ತೀನಿ, ನೋವು ಹೋಗುತ್ತೆ. ಓಡೋಕೆ ಶುರು ಮಾಡಿದ ಮೂರನೇ ದಿನಕ್ಕೇ ಮತ್ತೆ ಬರುತ್ತೆ. ಯಾಕೆ ಹೀಗೆ?

ಎಲ್ಲಕ್ಕಿಂತ ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ನೋವು ಹೋಗುವುದಕ್ಕೂ ಸ್ನಾಯು ಓಟಕ್ಕೆ ತಯಾರಾಗುವುದಕ್ಕೂ ನಡುವೆ ಹಲವು ವಾರಗಳ ಅಂತರವಿದೆ. ಹರಿದ ಜಾಗದಲ್ಲಿ ಮೊದಲು ಎಳಸಾದ ಗಾಯದಂಗಾಂಶ ಬೆಳೆಯುತ್ತದೆ. ಆ ಹೊತ್ತಿಗೆ ನಡೆದಾಡಲು ನೋವಿರುವುದಿಲ್ಲ. ಆದರೆ ಆ ಅಂಗಾಂಶ ಎಳೆತಕ್ಕೆ ಒಗ್ಗಿಕೊಂಡಿರುವುದಿಲ್ಲ. ಅತ್ತ ವಿಶ್ರಾಂತಿಯಲ್ಲಿದ್ದ ಎರಡು ವಾರ ಉಳಿದ ಸ್ನಾಯುವೂ ಸೊರಗಿರುತ್ತದೆ. ಹೀಗೆ ಮೊದಲಿಗಿಂತ ಬಲ ಕಡಿಮೆಯಾದ ಕಾಲಿಗೆ ಮೊದಲಿನಷ್ಟೇ ಓಟ ಹೊರಿಸುತ್ತೇವೆ.

ಮೀನಖಂಡದ ಗಾಯಕ್ಕೆ ದೊಡ್ಡ ಕಾರಣಗಳು ಎರಡು: ವಯಸ್ಸು ಮತ್ತು ಹಿಂದೆ ಆಗಿದ್ದ ಅದೇ ಗಾಯ. ವಯಸ್ಸನ್ನು ಹಿಂದಕ್ಕೆ ತಿರುಗಿಸಲಾಗದು, ಆದರೆ ಹಳೆಯ ಗಾಯದ ಸಾಲ ತೀರಿಸಬಹುದು. ಭಾರ ಹೊರಿಸಿ ಹಂತಹಂತವಾಗಿ ಬಲ ತುಂಬಿದರೆ ಮಾತ್ರ ಅದು ತೀರುತ್ತದೆ. ವಿಶ್ರಾಂತಿಯಿಂದ ನೋವು ಇಳಿಯುತ್ತದೆ, ಬಲ ಬರುವುದಿಲ್ಲ.

## ನೋವು ಬಂದ ಮೊದಲ ದಿನಗಳು

ಓಡ್ತಾ ಇರುವಾಗಲೇ ಬಿಗಿಯಾಯ್ತು. ಆಗಲೇ ಏನು ಮಾಡಬೇಕು? ಮೊದಲ ಮೂರು ದಿನ ಹೇಗೆ?

ನಿಲ್ಲಿ. ನಡೆದು ಮನೆಗೆ ಬನ್ನಿ. ಸ್ವಲ್ಪ ಸ್ಟ್ರೆಚ್ ಮಾಡಿ ನೋಡೋಣ ಎಂದು ಮತ್ತೆ ಓಡಬೇಡಿ.

ಮೊದಲ 48ರಿಂದ 72 ಗಂಟೆ ಕುಂಟದೆ ಆಗುವಷ್ಟೇ ನಡಿಗೆ ಸಾಕು. ಎರಡೂ ಶೂಗಳ ಒಳಗೆ ಹಿಮ್ಮಡಿಯ ಅಡಿಗೆ ಸುಮಾರು 1 ಸೆಂ.ಮೀ. ದಪ್ಪದ ಪ್ಯಾಡ್ ಇಟ್ಟರೆ ಸ್ನಾಯುವಿನ ಮೇಲಿನ ಎಳೆತ ಇಳಿಯುತ್ತದೆ. ಒಂದೇ ಶೂಗೆ ಇಟ್ಟರೆ ಸೊಂಟ ಓರೆಯಾಗುತ್ತದೆ. ಐಸ್ ಬೇಕಿದ್ದರೆ ಬಟ್ಟೆಯಲ್ಲಿ ಸುತ್ತಿ 10–15 ನಿಮಿಷ. ನೋವು ಇಳಿಸಲು ಅಷ್ಟೇ, ಗಾಯ ಬೇಗ ಮಾಯಲು ಅಲ್ಲ. ಕೂತಾಗ ಕಾಲು ಮೇಲಿಡಿ, ಪಾದವನ್ನು ನೋವಾಗದ ಮಟ್ಟಿಗೆ ಮೇಲೆ ಕೆಳಗೆ ಆಡಿಸುತ್ತಿರಿ. ನೋವಿನ ಮಾತ್ರೆ ನುಂಗಿ ಓಡುವುದನ್ನಂತೂ ಮಾಡಲೇಬೇಡಿ. ಎಲ್ಲಿ ನಿಲ್ಲಬೇಕೆಂದು ಹೇಳುವ ಸೂಚನೆಯನ್ನೇ ಅದು ಅಳಿಸಿಹಾಕುತ್ತದೆ.

ಬಿಗಿಯಾಗಿದೆ ಅಂತ ದಿನಾ ಚೆನ್ನಾಗಿ ಎಳೆದು ಸ್ಟ್ರೆಚ್ ಮಾಡ್ತಿದ್ದೀನಿ, ಫೋಮ್ ರೋಲರ್ ಕೂಡ ಹಾಕ್ತೀನಿ. ಆದ್ರೂ ಬಿಗಿತ ಹೋಗ್ತಿಲ್ಲವಲ್ಲ?

ಬಿಗಿತ ಎಂದರೆ ಸ್ನಾಯು ಗಿಡ್ಡವಾಗಿದೆ ಎಂದು ನಾವು ಊಹಿಸಿಕೊಳ್ಳುತ್ತೇವೆ. ಎಷ್ಟೋ ಸಲ ಅದು ದಣಿದಿರುತ್ತದೆ, ಅಥವಾ ಒಳಗೆ ಸಣ್ಣ ಗಾಯವಿದ್ದು ತನ್ನನ್ನು ಕಾಪಾಡಿಕೊಳ್ಳುತ್ತಿರುತ್ತದೆ. ಹೊಸ ಗಾಯವನ್ನು ಜೋರಾಗಿ ಎಳೆದರೆ ಅಂಟಿಕೊಳ್ಳುತ್ತಿರುವ ಎಳೆಗಳು ಬಿಡುತ್ತವೆ. ಆದ್ದರಿಂದ ಮೊದಲ ವಾರ ಜೋರು ಸ್ಟ್ರೆಚ್ ಬೇಡ, ಮೊದಲ ಮೂರು ದಿನ ಗಾಯದ ಜಾಗಕ್ಕೆ ಮಸಾಜ್, ರೋಲರ್ ಬೇಡ.

ನಿಜಕ್ಕೂ ಹರಡಿನ ಬಾಗುವಿಕೆ ಕಡಿಮೆ ಇದೆಯೇ ಎಂದು ಅಳೆದು ನೋಡಿ. ಗೋಡೆಗೆ ಎದುರಾಗಿ ಪಾದವಿಟ್ಟು, ಹಿಮ್ಮಡಿ ಏಳದಂತೆ ಮಂಡಿಯನ್ನು ಗೋಡೆಗೆ ತಾಗಿಸಿ. ಮಂಡಿ ತಾಗುವವರೆಗೂ ಪಾದವನ್ನು ಹಿಂದೆ ಸರಿಸುತ್ತಾ ಹೋಗಿ. ಹೆಬ್ಬೆರಳಿಗೂ ಗೋಡೆಗೂ 10 ಸೆಂ.ಮೀ. ಆಸುಪಾಸು ಇದ್ದರೆ ಓಟಕ್ಕೆ ಸಾಕು. ಎರಡು ಕಾಲಿನ ನಡುವೆ 2 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಕಡಿಮೆ ಇರುವ ಕಡೆಗೆ ದಿನಕ್ಕೆ 30 ಸೆಕೆಂಡಿನ ಮೂರು ಸ್ಟ್ರೆಚ್ ಸೇರಿಸಿ, ಮಂಡಿ ನೆಟ್ಟಗಿಟ್ಟೊಮ್ಮೆ, ಬಗ್ಗಿಸಿಯೊಮ್ಮೆ. ಅಳತೆ ಸಮವಿದ್ದರೆ ಸ್ಟ್ರೆಚ್‌ಗೆ ಕೊಡುವ ಸಮಯವನ್ನು ಬಲದ ವ್ಯಾಯಾಮಕ್ಕೆ ಕೊಡುವುದು ಲೇಸು.

ಎಷ್ಟು ದಿನಕ್ಕೆ ವಾಸಿ ಆಗುತ್ತೆ?

ಸಣ್ಣ ಗಾಯಕ್ಕೆ ಒಂದರಿಂದ ಮೂರು ವಾರ, ಮಧ್ಯಮದ್ದಕ್ಕೆ ನಾಲ್ಕರಿಂದ ಎಂಟು ವಾರ, ಪೂರ್ತಿ ಹರಿದಿದ್ದರೆ ಮೂರು ನಾಲ್ಕು ತಿಂಗಳು. ಸ್ನಾಯುವಿನ ಒಳಗೆ ಹಾದುಹೋಗುವ ಬಿಳಿಯ ರಜ್ಜುವಿಗೂ ಪೆಟ್ಟಾಗಿದ್ದರೆ ಇನ್ನೂ ನಿಧಾನ. ಇವು ಅಂದಾಜುಗಳು, ಕ್ಯಾಲೆಂಡರ್ ನೋಡಿ ಓಡಬೇಡಿ, ಮುಂದೆ ಹೇಳುವ ಪರೀಕ್ಷೆಗಳನ್ನು ದಾಟಿ ಓಡಿ.

## ಬಲ ತುಂಬಿ ಓಟಕ್ಕೆ ಮರಳುವುದು

ಯಾವ ವ್ಯಾಯಾಮ, ಎಷ್ಟು ಸಲ, ಯಾವ ಕ್ರಮದಲ್ಲಿ?

ನೋವಿಗೆ 0ಯಿಂದ 10ರವರೆಗೆ ಅಂಕ ಕೊಟ್ಟುಕೊಳ್ಳಿ. ವ್ಯಾಯಾಮದ ಹೊತ್ತಿಗೆ 2ರೊಳಗೆ ಇರಬೇಕು, ಮರುದಿನ ಬೆಳಗ್ಗೆ ಹಿಂದಿನ ದಿನಕ್ಕಿಂತ ಹೆಚ್ಚಿರಬಾರದು. ಈ ಎರಡು ಷರತ್ತು ಪೂರೈಸಿದರೆ ಮುಂದಿನ ಹಂತ.

1. ಎರಡೂ ಕಾಲಲ್ಲಿ ಹಿಮ್ಮಡಿ ಅರ್ಧ ಎತ್ತಿ 30–45 ಸೆಕೆಂಡ್ ಹಾಗೇ ನಿಲ್ಲುವುದು, ಐದು ಸಲ. ದಿನಾ ಮಾಡಬಹುದು.
2. ಎರಡೂ ಕಾಲಲ್ಲಿ ಏರಿ ಇಳಿಯುವುದು, 15ರಂತೆ ಮೂರು ಸುತ್ತು.
3. ಎರಡು ಕಾಲಲ್ಲಿ ಏರಿ, ನೊಂದ ಕಾಲೊಂದರಲ್ಲೇ ಮೂರು ಸೆಕೆಂಡ್ ತೆಗೆದುಕೊಂಡು ಇಳಿಯುವುದು, 8ರಂತೆ ಮೂರು ಸುತ್ತು.
4. ಒಂಟಿಕಾಲಲ್ಲಿ ಏರಿ ಇಳಿಯುವುದು. 8ರಿಂದ ಶುರುಮಾಡಿ 15ರಂತೆ ಮೂರು ಸುತ್ತಿನವರೆಗೆ. ಇದು ಸಲೀಸಾದ ಮೇಲೆ ಮೆಟ್ಟಿಲಂಚಿನಲ್ಲಿ, ಹಿಮ್ಮಡಿ ಅಂಚಿಗಿಂತ ಕೆಳಗಿಳಿಯುವಂತೆ.
5. ಬೆನ್ನಿಗೆ ಚೀಲ ಹಾಕಿ 5 ಕೆ.ಜಿ., ಆಮೇಲೆ 10 ಕೆ.ಜಿ.

ಮಂಡಿ ಬಗ್ಗಿಸಿ ಮಾಡುವ ವ್ಯಾಯಾಮವೂ ಎರಡನೇ ಹಂತದಿಂದಲೇ ಜೊತೆಗಿರಲಿ, ಸೋಲಿಯಸ್‌ಗೆ ಅದೇ ಆಹಾರ. ಕುರ್ಚಿಯಲ್ಲಿ ಕೂತು ಮಂಡಿಯ ಮೇಲೆ ಭಾರವಿಟ್ಟು ಹಿಮ್ಮಡಿ ಎತ್ತಿ. ಭಾರ ಸಿಗದಿದ್ದರೆ ಗೋಡೆಗೆ ಬೆನ್ನು ಒರಗಿಸಿ, ಕುರ್ಚಿಯಲ್ಲಿ ಅರ್ಧ ಕೂತಂತೆ ಮಂಡಿ ಬಗ್ಗಿಸಿ, ಮೊದಲು ಎರಡು ಕಾಲಲ್ಲಿ, ಆಮೇಲೆ ಒಂದರಲ್ಲಿ ಎತ್ತಿ. ಮೂರನೇ ಹಂತದಿಂದ ಮುಂದೆ ವಾರಕ್ಕೆ ಮೂರು ದಿನ ಸಾಕು, ನಡುವೆ ಒಂದು ದಿನ ಬಿಡುವು.

ತಪ್ಪಾಗುವುದು ಎಲ್ಲಿ ಎಂದರೆ: ಪುಟಿಯುತ್ತಾ ಮಾಡುವುದು, ಭಾರವನ್ನು ಕಿರುಬೆರಳ ಕಡೆಗೆ ವಾಲಿಸುವುದು, ದಣಿದಾಗ ಅರ್ಧಕ್ಕೇ ಏರಿ ಲೆಕ್ಕ ಹಾಕುವುದು. ಹೆಬ್ಬೆರಳ ಬುಡದ ಮೇಲೆ ಭಾರವಿಟ್ಟು, ಎರಡು ಸೆಕೆಂಡ್ ಏರಿ, ಮೂರು ಸೆಕೆಂಡ್ ಇಳಿಯಿರಿ.

ನಾನು ಒಂದೇ ಉಸಿರಿಗೆ 50 ಸಲ ಹಿಮ್ಮಡಿ ಎತ್ತುತ್ತೀನಿ. ಆದ್ರೂ ನೋವು ಬರುತ್ತಲ್ಲ?

ಎರಡು ಕಾಲಲ್ಲಿ 50 ಮಾಡಿದರೆ ಒಂದೊಂದು ಕಾಲೂ ಹೊರುವುದು ಅರ್ಧ ತೂಕ. ಓಟದಲ್ಲಿ ಪ್ರತಿ ಹೆಜ್ಜೆಗೂ ಒಂದೇ ಕಾಲು, ಅದೂ ಹಲವು ಪಟ್ಟು ಭಾರ. ಎಣಿಕೆ ಹೆಚ್ಚಿಸುತ್ತಾ ಹೋಗುವುದರಿಂದ ಒಂದು ಮಿತಿಯ ಆಚೆ ಬಲ ಹೆಚ್ಚುವುದಿಲ್ಲ. ಒಂಟಿಕಾಲಲ್ಲಿ 15 ಸಲೀಸಾದರೆ ಎಣಿಕೆ ಇಳಿಸಿ ಭಾರ ಏರಿಸಿ: 6–8ರಂತೆ ನಾಲ್ಕು ಸುತ್ತು, ಕೊನೆಯ ಎರಡು ಎತ್ತುವಾಗ ನಿಜವಾಗಿ ಕಷ್ಟವೆನಿಸಬೇಕು. ಕೂತು ಮಾಡುವಾಗ ಒಂದು ಕಾಲಿನ ಮೇಲೆ ದೇಹತೂಕದ ಅರ್ಧದಷ್ಟು ಭಾರ ಮೊದಲ ಗುರಿಯಾಗಲಿ. ಮುಂದೆ ಅದನ್ನೂ ದಾಟಬಹುದು.

ಮತ್ತೆ ಓಡೋಕೆ ಕಾಲು ರೆಡಿ ಇದೆ ಅಂತ ಹೇಗೆ ಗೊತ್ತಾಗುತ್ತೆ? ಶುರು ಹೇಗೆ ಮಾಡಲಿ?

ಮೂರು ಪರೀಕ್ಷೆ. ಬಿರುಸಾಗಿ 30 ನಿಮಿಷ ನಡೆದರೂ ನೋವಿಲ್ಲ. ಒಂಟಿಕಾಲಲ್ಲಿ 25ರಷ್ಟು ಸಲ ಪೂರ್ತಿ ಎತ್ತರಕ್ಕೆ ಏಳಬಲ್ಲಿರಿ, ಇನ್ನೊಂದು ಕಾಲಿಗೆ ಹೋಲಿಸಿದರೆ ಹತ್ತರಲ್ಲಿ ಒಂಬತ್ತರಷ್ಟಾದರೂ ಆಗುತ್ತದೆ. ಒಂಟಿಕಾಲಲ್ಲಿ 20 ಸಲ ಕುಪ್ಪಳಿಸಿದರೂ ನೋವಾಗಲೀ ಹಿಂಜರಿಕೆಯಾಗಲೀ ಇಲ್ಲ. ಆ ಹಿಂಜರಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಎಷ್ಟೋ ಸಲ ನೋವಿಗಿಂತ ಮೊದಲು ಅದೇ ಕಾಣುತ್ತದೆ.

ಶುರು ಸಮತಟ್ಟು ದಾರಿಯಲ್ಲಿ, ದಿನ ಬಿಟ್ಟು ದಿನ: ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹತ್ತು ಸುತ್ತು. ಎರಡು ಸಲ ಸುಸೂತ್ರವಾದರೆ ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ, ಏಳು ಸುತ್ತು. ಆಮೇಲೆ ಮೂರಕ್ಕೆ ಒಂದರಂತೆ ಆರು, ಐದಕ್ಕೆ ಒಂದರಂತೆ ನಾಲ್ಕು, ಕೊನೆಗೆ 20 ನಿಮಿಷ ನಿಲ್ಲದ ಓಟ. ಪ್ರತಿ ಹಂತ ಎರಡು ಸಲ. ಮಧ್ಯೆ ಬಿಗಿತ ಏರುತ್ತಾ ಹೋದರೆ ಅಲ್ಲೇ ನಡಿಗೆಗೆ ಇಳಿಯಿರಿ, ಎರಡು ದಿನ ಬಿಟ್ಟು ಒಂದು ಹಂತ ಕೆಳಗಿನಿಂದ ಮತ್ತೆ ಆರಂಭಿಸಿ. 20 ನಿಮಿಷ ಬಂದಿತೆಂದು ಬಲದ ವ್ಯಾಯಾಮ ನಿಲ್ಲಿಸುವವರೇ ಹೆಚ್ಚು. ಮರುಗಾಯಕ್ಕೆ ದಾರಿಯಾಗುವುದು ಇಲ್ಲೇ.

ನಿಧಾನವಾಗಿ ಜಾಗ್ ಮಾಡಿದ್ರೆ ಮೀನಖಂಡಕ್ಕೆ ಹಗುರ ತಾನೇ?

ಅಂದುಕೊಂಡಷ್ಟು ಹಗುರವಲ್ಲ. ವೇಗ ಕಡಿಮೆಯಿದ್ದಾಗಲೂ ಸೋಲಿಯಸ್ ತನ್ನ ದುಡಿಮೆಯ ಬಹುಪಾಲು ಮಾಡುತ್ತಲೇ ಇರುತ್ತದೆ. ಅಷ್ಟೇ ದೂರಕ್ಕೆ ಹೆಜ್ಜೆಗಳ ಸಂಖ್ಯೆಯೂ ಜಾಸ್ತಿ. ಆದ್ದರಿಂದ ಒಂದು ಗಂಟೆಯ ನಿಧಾನ ಓಟವನ್ನು ಸುಲಭದ ದಿನ ಎಂದು ಲೆಕ್ಕ ಹಾಕಬೇಡಿ. ಮೊದಲ ವಾರಗಳಲ್ಲಿ ನಡುವೆ ನಡಿಗೆ ಸೇರಿಸುವುದೇ ನಿಜವಾದ ವಿರಾಮ. ಪೂರ್ಣ ವೇಗದ ಓಟ, ಏರುದಾರಿ ಇವನ್ನಂತೂ ಕೊನೆಗೆ ಇಟ್ಟುಕೊಳ್ಳಿ.

## ಶೂ, ಓಟದ ಶೈಲಿ, ವಾರದ ಲೆಕ್ಕ

ಹೊಸ ಶೂ ತಗೊಂಡ ಮೇಲೆ ನೋವು ಶುರುವಾಯ್ತು. ಶೂ ಕಾರಣ ಇರಬಹುದಾ?

ಇರಬಹುದು. ಅಡಿಭಾಗದಲ್ಲಿ ಹಿಮ್ಮಡಿಯ ದಪ್ಪಕ್ಕೂ ಬೆರಳ ಕಡೆಯ ದಪ್ಪಕ್ಕೂ ಇರುವ ವ್ಯತ್ಯಾಸವನ್ನು ಡ್ರಾಪ್ ಎನ್ನುತ್ತಾರೆ. 10–12 ಮಿ.ಮೀ. ಡ್ರಾಪಿನ ಶೂನಲ್ಲಿ ಓಡುತ್ತಿದ್ದವರು 4 ಅಥವಾ 0 ಮಿ.ಮೀ.ಗೆ ಇಳಿದರೆ ಹಿಮ್ಮಡಿ ಅಷ್ಟೂ ಕೆಳಗಿಳಿದು ಮೀನಖಂಡ, ಅಕಿಲಿಸ್ ಎರಡರ ಮೇಲೂ ಎಳೆತ ಹೆಚ್ಚುತ್ತದೆ. ಹಳೆಯ ಶೂ ಎಸೆಯಬೇಡಿ. ವಾರದಲ್ಲಿ ಒಂದು ಚಿಕ್ಕ ಓಟಕ್ಕೆ ಹೊಸದು, ಉಳಿದದ್ದಕ್ಕೆ ಹಳೆಯದು. ಆರೆಂಟು ವಾರದಲ್ಲಿ ಪ್ರಮಾಣ ಬದಲಿಸಿ. ಮರುಕಳಿಸುವ ನೋವಿದ್ದರೆ ಸದ್ಯಕ್ಕೆ ಹೆಚ್ಚು ಡ್ರಾಪಿನದೇ ವಾಸಿ.

ಮುಂಪಾದ ಊರಿ ಓಡಿದ್ರೆ ಒಳ್ಳೇದು ಅಂತಾರೆ. ನಾನೂ ಬದಲಿಸಲಾ?

ಮೀನಖಂಡ ನೋಯುತ್ತಿರುವಾಗ ಬೇಡ. ಮುಂಪಾದ ಮೊದಲು ಊರಿದರೆ ಮಂಡಿಯ ಹೊರೆ ಇಳಿಯುತ್ತದೆ ನಿಜ, ಆ ಹೊರೆ ಹೋಗಿ ಬೀಳುವುದು ಮೀನಖಂಡ ಮತ್ತು ಅಕಿಲಿಸ್ ಮೇಲೆ. ಪಾದ ದೇಹಕ್ಕಿಂತ ತುಂಬಾ ಮುಂದೆ ಬೀಳುತ್ತಿದ್ದರೆ ನಿಮಿಷದ ಹೆಜ್ಜೆಗಳನ್ನು 5%ನಷ್ಟು ಹೆಚ್ಚಿಸಿ ನೋಡಬಹುದು, ಉದಾಹರಣೆಗೆ 160 ಇದ್ದರೆ 168. ಹೆಜ್ಜೆ ಗಿಡ್ಡವಾಗುತ್ತದೆ, ಪಾದ ಊರುವ ಬಗೆಯನ್ನು ಬೇಕೆಂದೇ ಬದಲಿಸಬೇಕಾಗಿಲ್ಲ.

ವಾರಕ್ಕೆ ಎಷ್ಟು ಹೆಚ್ಚಿಸಬಹುದು? 10% ನಿಯಮ ಪಾಲಿಸಿದ್ರೆ ಸಾಕಾ?

ವಾರದ ದೂರವನ್ನು 10%ಗಿಂತ ಹೆಚ್ಚು ಏರಿಸಬಾರದೆಂಬುದು ಒಂದು ಅಂದಾಜು. ಅದಕ್ಕಿಂತ ಮುಖ್ಯ, ಒಂದೇ ವಾರದಲ್ಲಿ ಎರಡು ಬಗೆಯ ಹೊರೆ ಏರಿಸದಿರುವುದು. ದೂರ ಹೆಚ್ಚಿಸಿದ ವಾರ ವೇಗದ ಓಟ ಬೇಡ. ಏರುದಾರಿ ಸೇರಿಸಿದ ವಾರ ದೂರ ಹಾಗೇ ಇರಲಿ. ಮರಳಿನ ಮೇಲಿನ ಓಟ, ಹಗ್ಗದಾಟ, ಶೂ ಬದಲಾವಣೆ ಎಲ್ಲವನ್ನೂ ಹೊರೆ ಎಂದೇ ಬರೆದುಕೊಳ್ಳಿ. ವಾರಪೂರ್ತಿ ಐದೈದು ಕಿಲೋಮೀಟರ್ ಓಡಿ ಭಾನುವಾರ ಇದ್ದಕ್ಕಿದ್ದಂತೆ ಹದಿನೈದು ಓಡುವುದೂ ಇಂಥದೇ ಏರಿಕೆ. ವಾರದ ಮೊತ್ತ ನೋಡಿದರೆ ಅದು ಕಾಣುವುದೇ ಇಲ್ಲ.

ನೀರು, ಉಪ್ಪು, ಮೆಗ್ನೀಷಿಯಂ ಕಡಿಮೆ ಆಗಿ ಹೀಗಾಗುತ್ತಾ? ಕಂಪ್ರೆಷನ್ ಕಾಲುಚೀಲ ಹಾಕಲಾ?

ಪ್ರತಿ ಓಟದಲ್ಲೂ ಒಂದೇ ಕಾಲು, ಒಂದೇ ಜಾಗ ನೋಯುತ್ತಿದ್ದರೆ ನೀರು-ಉಪ್ಪನ್ನು ದೂರಬೇಡಿ, ಅವು ಕಡಿಮೆಯಾದರೆ ಇಡೀ ಮೈಗೆ ಆಗುತ್ತದೆ. ಓಟದ ಕೊನೆಯಲ್ಲಿ ಬರುವ ಸೆಳೆತಕ್ಕೂ ಹೆಚ್ಚಾಗಿ ದಣಿವೇ ಕಾರಣ. ಕಾಲನ್ನು ಬಿಗಿಹಿಡಿಯುವ ಈ ಕಾಲುಚೀಲದಿಂದ ಕೆಲವರಿಗೆ ಹಿತವೆನಿಸುತ್ತದೆ, ಹಾಕಿಕೊಳ್ಳಿ. ಗಾಯ ತಡೆಯುತ್ತದೆಂದು ನಂಬಬೇಡಿ.

## ಹಠಮಾರಿ ನೋವು

ಪ್ರತಿ ಸಲ ಸರಿಯಾಗಿ 15ನೇ ನಿಮಿಷಕ್ಕೆ ಬರುತ್ತೆ, ಪಾದ ಜೋಮು ಹಿಡಿಯುತ್ತೆ, ನಿಂತರೆ ಹೋಗುತ್ತೆ. ಇದೂ ಸ್ನಾಯು ಹರಿದಿದ್ದಾ?

ಗಡಿಯಾರ ಇಟ್ಟಂತೆ ಬಂದು, ನಿಂತ ಸ್ವಲ್ಪ ಹೊತ್ತಿಗೆ ಪೂರ್ತಿ ಹೋಗುವ ನೋವು ಹರಿದ ಸ್ನಾಯುವಿನದಲ್ಲ. ಕಾಲಿನ ಸ್ನಾಯುಗಳು ಗಟ್ಟಿಯಾದ ಪೊರೆಯ ಕೋಣೆಗಳೊಳಗಿವೆ. ಓಡುವಾಗ ಸ್ನಾಯು ಹಿಗ್ಗಿ ಆ ಕೋಣೆಯ ಒತ್ತಡ ಮಿತಿಮೀರಿದರೆ ಬಿಗಿತ, ಜೋಮು, ಪಾದ ಸೋತಂತಾಗುವುದು ಬರುತ್ತದೆ. ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಎನ್ನುವುದು ಇದನ್ನೇ; ಓಟಕ್ಕೆ ಮುಂಚೆ ಮತ್ತು ನಂತರ ಆ ಒತ್ತಡವನ್ನು ಸೂಜಿಯಿಂದ ಅಳೆದು ಖಚಿತಪಡಿಸುತ್ತಾರೆ. ಪಾದ ತಣ್ಣಗಾಗಿ ಬಿಳಿಚಿದರೆ ಮಂಡಿಯ ಹಿಂದಿನ ರಕ್ತನಾಳವನ್ನು ಸ್ನಾಯು ಅದುಮುತ್ತಿರಬಹುದು. ವಯಸ್ಸಾದವರಲ್ಲಿ, ಧೂಮಪಾನಿಗಳಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ರಕ್ತನಾಳ ಕಿರಿದಾಗಿಯೂ ಹೀಗಾಗುತ್ತದೆ. ಯಾವುದೂ ಹಿಮ್ಮಡಿ ಎತ್ತುವುದರಿಂದ ಬಗೆಹರಿಯುವಂಥದ್ದಲ್ಲ, ಕ್ರೀಡಾ ವೈದ್ಯರಿಗೆ ತೋರಿಸಿ.

ಮೀನಖಂಡದಲ್ಲಿ ಒತ್ತಿದ್ರೆ ಎಲ್ಲೂ ನೋವಿಲ್ಲ, ಆದ್ರೆ ಓಡಿದ್ರೆ ಎಳೆಯುತ್ತೆ. ಸೊಂಟಕ್ಕೂ ಇದಕ್ಕೂ ಸಂಬಂಧ ಇದೆಯಾ?

ಇರಬಹುದು. ಮೀನಖಂಡಕ್ಕೆ ಬರುವ ನರ ಸೊಂಟದ ಕೆಳಭಾಗದಿಂದ ಹೊರಡುತ್ತದೆ. ಕುರ್ಚಿಯಲ್ಲಿ ಬೆನ್ನು ಗೂನಾಗಿಸಿ ಕೂತು, ಗಲ್ಲ ಎದೆಗೆ ತಾಗಿಸಿ, ಕಾಲನ್ನು ನೀಡಿ ಪಾದ ಮೇಲಕ್ಕೆ ಮಡಚಿ. ಎಳೆತ ಬಂದಾಗ ತಲೆಯನ್ನಷ್ಟೇ ಮೇಲೆತ್ತಿ. ಎಳೆತ ತಗ್ಗಿದರೆ ನರದ ಪಾಲು ಇರಬಹುದು, ಏಕೆಂದರೆ ಕತ್ತಿನ ಚಲನೆ ಮೀನಖಂಡದ ಸ್ನಾಯುವನ್ನು ಮುಟ್ಟುವುದಿಲ್ಲ. ಆಗ ಫಿಜಿಯೋಥೆರಪಿಸ್ಟ್ ಬಳಿ ಸೊಂಟವನ್ನೂ ಪರೀಕ್ಷೆ ಮಾಡಿಸಿಕೊಳ್ಳಿ.

ಮಾತ್ರೆಗಳಿಂದಲೂ ಹೀಗಾಗುತ್ತಾ?

ಕೊಲೆಸ್ಟರಾಲ್‌ಗೆ ಕೊಡುವ ಸ್ಟ್ಯಾಟಿನ್‌ಗಳಿಂದ ಕೆಲವರಿಗೆ ಸ್ನಾಯುನೋವು ಬರುತ್ತದೆ, ಸಾಮಾನ್ಯವಾಗಿ ಎರಡೂ ಕಾಲಲ್ಲಿ. ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್ ಗುಂಪಿನ ಆಂಟಿಬಯೋಟಿಕ್‌ಗಳು ಅಕಿಲಿಸ್ ರಜ್ಜುವಿಗೆ ಅಪಾಯ ತರಬಲ್ಲವು. ಅದನ್ನು ನುಂಗುವಾಗ ಹಿಮ್ಮಡಿಯ ಮೇಲೆ ನೋವು ಬಂದರೆ ಓಟ ನಿಲ್ಲಿಸಿ, ಕೂಡಲೇ ಬರೆದುಕೊಟ್ಟ ವೈದ್ಯರಿಗೆ ತಿಳಿಸಿ. ಸ್ಟ್ಯಾಟಿನ್ ಅನ್ನು ನೀವಾಗಿಯೇ ಬಿಡಬೇಡಿ.

ಸ್ಕ್ಯಾನ್ ಮಾಡಿಸಲೇಬೇಕಾ?

ಮೊದಲ ಸಲದ ಸಣ್ಣ ಗಾಯಕ್ಕೆ ಬೇಕಿಲ್ಲ. ಸರಿಯಾದ ಕ್ರಮದಲ್ಲಿ ಬಲ ತುಂಬಿಯೂ ಮೂರನೇ ಸಲ ಮರುಕಳಿಸಿದರೆ ಮಾಡಿಸಿ. ಅಲ್ಟ್ರಾಸೌಂಡ್ ಗ್ಯಾಸ್ಟ್ರಾಕ್ನೀಮಿಯಸ್ ಗಾಯವನ್ನು ಚೆನ್ನಾಗಿ ತೋರಿಸುತ್ತದೆ, ಆಳದ ಸೋಲಿಯಸ್ ಗಾಯ ಅದಕ್ಕೆ ತಪ್ಪಿಹೋಗುವುದುಂಟು. 'ಅಲ್ಟ್ರಾಸೌಂಡ್ ನಾರ್ಮಲ್' ಎಂದು ಬಂದೂ ನೋವು ಉಳಿದರೆ ಎಂಆರ್‌ಐ ಬಗ್ಗೆ ಕೇಳಿ.

ನಲವತ್ತು ದಾಟಿದೆ. ಇನ್ನು ಮುಂದೆ ಜೀವನಪೂರ್ತಿ ಈ ವ್ಯಾಯಾಮ ಮಾಡ್ತಾನೇ ಇರಬೇಕಾ?

ಓಡುವಷ್ಟು ಕಾಲ ಮಾಡಬೇಕು. ವಯಸ್ಸಾದಂತೆ ಮೀನಖಂಡದ ಬಲ ತಾನಾಗಿಯೇ ಕುಗ್ಗುತ್ತದೆ, ಬರೀ ಓಟ ಅದನ್ನು ಹಿಡಿದಿಡುವುದಿಲ್ಲ. ಆದರೆ ನಿರ್ವಹಣೆಗೆ ಬೇಕಾದ ಪ್ರಮಾಣ ಕಡಿಮೆ: ವಾರಕ್ಕೆ ಎರಡು ದಿನ, ಮಂಡಿ ನೆಟ್ಟಗಿಟ್ಟು ಮೂರು ಸುತ್ತು, ಬಗ್ಗಿಸಿ ಮೂರು ಸುತ್ತು, ಭಾರದೊಂದಿಗೆ. 20 ನಿಮಿಷದೊಳಗೆ ಮುಗಿಯುತ್ತದೆ. ಸುಲಭದ ಓಟ ಮುಗಿಸಿದ ದಿನವೇ ಇದನ್ನು ಸೇರಿಸಿಕೊಂಡು, ವೇಗದ ಓಟದ ಹಿಂದಿನ ದಿನ ಬಿಟ್ಟುಬಿಡಿ. ತಿಂಗಳಿಗೊಮ್ಮೆ ಒಂಟಿಕಾಲಲ್ಲಿ ಎಷ್ಟು ಸಲ ಏಳಬಲ್ಲಿರಿ ಎಂದು ಎರಡೂ ಕಾಲಿಗೆ ಎಣಿಸಿ ಬರೆದಿಡಿ. ಒಂದು ಕಾಲಿನ ಎಣಿಕೆ ಮೂರು ನಾಲ್ಕು ಇಳಿದಿದ್ದರೆ ಆ ವಾರ ಓಟ ಸ್ವಲ್ಪ ತಗ್ಗಿಸಿ, ಆ ಕಾಲಿಗೆ ಒಂದು ಸುತ್ತು ಹೆಚ್ಚು ಕೊಡಿ.